ಎರಡು ಭಾಷೆ, ಒಂದು ಪ್ರಶಸ್ತಿ

ಬೆಳಗಾವಿ ಜಿಲ್ಲೆಯ ನಮ್ಮ ಕೊಣ್ಣೂರಿನಲ್ಲಿ ಕನ್ನಡದ ಜೊತೆ ಮರಾಠಿಯೂ ಕಿವಿಗೆ ಬೀಳುತ್ತದೆ. ಆದರೆ ಗಡಿಯ ಸುದ್ದಿ ಬರೆಯಲು ಕುಳಿತಾಗ, ಒಂದು ಭಾಷೆ ಗೆದ್ದರೆ ಇನ್ನೊಂದು ಸೋತಿತು ಎಂಬಂತೆ ಬರೆದುಬಿಡುತ್ತೇವೆ. ಜ್ಞಾನಪೀಠದ ಚರಿತ್ರೆ ಬೇರೆಯದನ್ನೇ ಹೇಳುತ್ತದೆ.

1965ರಲ್ಲಿ ಮೊದಲು ನೀಡಲಾದ ಈ ಪ್ರಶಸ್ತಿ ಇಬ್ಬರಿಗೆ ಹಂಚಿಕೆಯಾದದ್ದು 1967ರಲ್ಲಿ: ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ಗೆ, ಗುಜರಾತಿಯ ಉಮಾಶಂಕರ ಜೋಶಿ ಅವರ ‘ನಿಶೀಥ’ಕ್ಕೆ. 1973ರಲ್ಲಿ ಬೇಂದ್ರೆಯವರ ‘ನಾಕು ತಂತಿ’ಯ ಜೊತೆ ಒಡಿಯಾ ಲೇಖಕ ಗೋಪೀನಾಥ ಮೊಹಾಂತಿ ಅವರ ‘ಮಾಟಿ ಮಟಾಳ’ ಗೌರವ ಪಡೆಯಿತು.

ಕನ್ನಡದ ಮೊದಲೆರಡು ಜ್ಞಾನಪೀಠಗಳೂ ಹಂಚಿಕೊಂಡವೇ. ಅದರಿಂದ ಕನ್ನಡದ ತೂಕವೇನೂ ತಗ್ಗಲಿಲ್ಲ. ಧಾರವಾಡದ ಬೇಂದ್ರೆಯವರ ಮನೆಮಾತು ಮರಾಠಿ, ಕಾವ್ಯ ಕನ್ನಡ. ಅವರಲ್ಲಿ ಕೂಡಿ ಬಾಳಿದ ಎರಡು ಭಾಷೆಗಳನ್ನು ನಮ್ಮ ಸುದ್ದಿಯಲ್ಲಿ ಕಾದಾಡಿಸುವುದು ಬೇಡ.