ಚಕ್ಕುಲಿ ಒತ್ತಿನಲ್ಲಿ ಚುರ್ರೋ

ಚುರ್ರೋ ಸ್ಪೇನ್ ದೇಶದ ಕರಿದ ತಿನಿಸು. ಕುದಿಯುವ ನೀರಿಗೆ ಮೈದಾ ಸುರಿದು ಕಲಸಿದ ಹಿಟ್ಟನ್ನು ನಕ್ಷತ್ರದಂಥ ತೂತಿನಿಂದ ಒತ್ತಿ, ಎಣ್ಣೆಯಲ್ಲಿ ಕರಿದು, ಗಟ್ಟಿ ಬಿಸಿ ಚಾಕೊಲೇಟಿನಲ್ಲಿ ಅದ್ದಿ ತಿನ್ನುತ್ತಾರೆ. ಹೆಸರು ಹೊಸದು, ಕೈಕೆಲಸ ಹಳೆಯದು. ನಿಪ್ಪಾಣಿ ತಾಲ್ಲೂಕಿನ ಭೋಜದಿಂದ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದವರೆಗೆ ದೀಪಾವಳಿಗೆ ಚಕ್ಕುಲಿ, ಶಂಕರಪಾಳಿ ಕರಿಯುವ ಮನೆಗಳಲ್ಲಿ ಇದಕ್ಕೆ ಬೇಕಾದ ಸಲಕರಣೆ ಮೊದಲೇ ಇದೆ.

ಎಲ್ಲಿಂದ ಬಂತು

ಅದ್ದುವ ಚಾಕೊಲೇಟಿನ ಮೂಲವಾದ ಕೋಕೋ ಅಮೆರಿಕ ಖಂಡದ ಬೆಳೆ. 16ನೇ ಶತಮಾನದಲ್ಲಿ ಅದು ಸ್ಪೇನಿಗೆ ಬಂತು, ಅಲ್ಲಿ ಸಕ್ಕರೆ ಬೆರೆತು ಬಿಸಿ ಪಾನೀಯವಾಯಿತು. ಚುರ್ರೋ ಮೊದಲು ಎಲ್ಲಿ ಹುಟ್ಟಿತು ಎಂಬ ಬಗ್ಗೆ ಹಲವು ಕಥೆಗಳಿವೆ. ಚೀನಾದ ಕರಿದ ಹಿಟ್ಟಿನ ಕೋಲುಗಳನ್ನು ನೋಡಿದ ಪೋರ್ಚುಗೀಸರು ತಂದರು ಎನ್ನುವುದು ಅವುಗಳಲ್ಲಿ ಒಂದು, ಅದಕ್ಕೆ ಗಟ್ಟಿ ಪುರಾವೆ ಇಲ್ಲ. ಮ್ಯಾಡ್ರಿಡ್‌ನಲ್ಲಿ 1894ರಲ್ಲಿ ಶುರುವಾದ ಸ್ಯಾನ್ ಹಿನೇಸ್ ಅಂಗಡಿ ಇಂದಿಗೂ ಚುರ್ರೋ ಮತ್ತು ಚಾಕೊಲೇಟಿಗೆ ಹೆಸರುವಾಸಿ. ಮೆಕ್ಸಿಕೋದಲ್ಲಿ ಇದರ ಮೇಲೆ ದಾಲ್ಚಿನ್ನಿ ಬೆರೆಸಿದ ಸಕ್ಕರೆ ಉದುರಿಸುತ್ತಾರೆ. ನಮ್ಮ ಪೇಟೆಗಳಿಗೆ ಬಂದಿರುವುದು ಹೆಚ್ಚಾಗಿ ಈ ರೂಪ.

ಎಸರಿನ ಹಿಟ್ಟು

ಚುರ್ರೋದ ಗುಟ್ಟೆಲ್ಲ ಕುದಿನೀರಿನಲ್ಲಿದೆ. ಗೋಧಿಯ ಪಿಷ್ಟ ಸುಮಾರು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಹೀಗೆ ಅರೆಬೆಂದ ಹಿಟ್ಟು ಹೆಚ್ಚು ನೀರು ಹಿಡಿದಿಟ್ಟುಕೊಂಡೂ ಆಕಾರ ಬಿಡುವುದಿಲ್ಲ. ಕರಿದಾಗ ಹೊರಗೆ ಗರಿಗರಿ, ಒಳಗೆ ಮೆತ್ತಗೆ ಆಗುತ್ತದೆ. ಅಂಟು ಪ್ರೋಟೀನಿಲ್ಲದ ಜೋಳದ ಹಿಟ್ಟಿಗೆ ಎಸರು ಹಾಕಿ ನಾದಿದರೆ ರೊಟ್ಟಿ ಹರಿಯದೆ ಬಡಿಯಲು ಬರುವುದೂ ಇದೇ ಕಾರಣಕ್ಕೆ. ರೊಟ್ಟಿ ಬಡಿಯುವವರ ಕೈಗೆ ಈ ಹದ ಹೊಸದಲ್ಲ.

ಬೇಕಾದದ್ದು: ನೀರು 1 ಬಟ್ಟಲು, ಮೈದಾ 1 ಬಟ್ಟಲು (ಎರಡಕ್ಕೂ ಒಂದೇ ಬಟ್ಟಲು), ಎಣ್ಣೆ 1 ದೊಡ್ಡ ಚಮಚ, ಉಪ್ಪು ಕಾಲು ಚಮಚ, ಸಕ್ಕರೆ 1 ಚಮಚ. ಒಂದಳತೆಗೆ ಸುಮಾರು 12ರಿಂದ 15 ತುಂಡು ಆಗುತ್ತವೆ.

ನೀರಿಗೆ ಎಣ್ಣೆ, ಉಪ್ಪು, ಸಕ್ಕರೆ ಹಾಕಿ ಚೆನ್ನಾಗಿ ಕುದಿಸಿ. ಒಲೆಯಿಂದ ಇಳಿಸಿ, ಜರಡಿ ಹಿಡಿದ ಮೈದಾವನ್ನು ಒಮ್ಮೆಗೇ ಸುರಿದು ಸೌಟಿನಿಂದ ಜೋರಾಗಿ ತಿರುವಿ. ಗಂಟಿಲ್ಲದೆ ಮುದ್ದೆಗಟ್ಟಿ ಪಾತ್ರೆಯ ಅಂಚು ಬಿಟ್ಟರೆ ಸರಿ. ಐದು ನಿಮಿಷ ಮುಚ್ಚಿಡಿ, ಬೆಚ್ಚಗಿರುವಾಗಲೇ ಒತ್ತಿಗೆ ತುಂಬಿ. ಪೂರ್ತಿ ತಣ್ಣಗಾದರೆ ಒತ್ತುವುದು ಕಷ್ಟ.

ನಕ್ಷತ್ರದ ಬಿಲ್ಲೆಯೇ ಏಕೆ

ಇದು ಅಂದಕ್ಕೆ ಮಾತ್ರ ಮಾಡಿದ ಆಕಾರವಲ್ಲ. ದುಂಡನೆಯ ನುಣುಪು ಕೋಲನ್ನು ಕಾದ ಎಣ್ಣೆಗೆ ಬಿಟ್ಟರೆ ಹೊರಪದರ ಬೇಗ ಗಟ್ಟಿಯಾಗಿ ಒಳಗಿನ ಹಬೆಗೆ ದಾರಿ ಸಿಗುವುದಿಲ್ಲ. ಒತ್ತಡ ಹೆಚ್ಚಿ ತುಂಡು ಸಿಡಿದರೆ ಎಣ್ಣೆ ಮೈಮೇಲೆ ಹಾರುತ್ತದೆ. ನಕ್ಷತ್ರದ ಏಣುಗಳಿಂದ ಮೇಲ್ಮೈ ಹೆಚ್ಚುತ್ತದೆ, ಕೋಲು ಸಮನಾಗಿ ಬೇಯುತ್ತದೆ, ಉಬ್ಬಲೂ ಜಾಗ ಇರುತ್ತದೆ. ಚಕ್ಕುಲಿ ಒತ್ತಿನ ಒಂಟಿ ನಕ್ಷತ್ರದ ಬಿಲ್ಲೆ ಈ ಕೆಲಸಕ್ಕೆ ಸಾಕು. ಪೈಪಿಂಗ್ ಚೀಲ ಒತ್ತಡಕ್ಕೆ ಹರಿಯಬಹುದು, ಲೋಹದ ಒತ್ತಿಗೆ ಆ ಭಯವಿಲ್ಲ.

ಹಿಟ್ಟು ತುಂಬುವಾಗ ಅದುಮಿ ತುಂಬಿ. ನಡುವೆ ಗಾಳಿ ಉಳಿದರೂ ಸಿಡಿಯಬಹುದು. ಬೇಕಿಂಗ್ ಪೌಡರ್ ಬೇಡ.

ಕರಿಯುವುದು

ಎಣ್ಣೆ ಸವರಿದ ತಟ್ಟೆಯ ಮೇಲೆ 10–12 ಸೆಂಟಿಮೀಟರ್ ಉದ್ದದ ತುಂಡುಗಳನ್ನು ಒತ್ತಿಕೊಂಡು ಒಂದೊಂದಾಗಿ ಎಣ್ಣೆಗೆ ಜಾರಿಸಿ. ಎಣ್ಣೆ 180ರಿಂದ 190 ಡಿಗ್ರಿ ಇರಬೇಕು. ಹಿಟ್ಟಿನ ಚೂರು ಹಾಕಿದರೆ ಗುಳ್ಳೆಗಳೊಂದಿಗೆ ಬೇಗ ಮೇಲೇಳುವುದೇ ಗುರುತು. ಶಂಕರಪಾಳಿಗೆ ಸಣ್ಣ ಉರಿ ಬೇಕು. ಚುರ್ರೋಗೆ ಅದು ಆಗದು, ಎಣ್ಣೆ ಕುಡಿಯುತ್ತದೆ. ಒಮ್ಮೆಗೆ ನಾಲ್ಕೈದೇ ಹಾಕಿ, ಮಗುಚುತ್ತ 3–4 ನಿಮಿಷ ಹೊಂಬಣ್ಣಕ್ಕೆ ಕರಿಯಿರಿ. ಬಿಸಿಯಿರುವಾಗಲೇ ದಾಲ್ಚಿನ್ನಿ ಅಥವಾ ಏಲಕ್ಕಿ ಬೆರೆಸಿದ ಸಕ್ಕರೆಯಲ್ಲಿ ಹೊರಳಿಸಿ. ಬೆಲ್ಲದ ಪುಡಿಯೂ ಆದೀತು, ಆದರೆ ಅದು ಗಾಳಿಯ ತೇವ ಎಳೆದುಕೊಳ್ಳುವುದರಿಂದ ತಿನ್ನುವ ಹೊತ್ತಿಗೇ ಉದುರಿಸಬೇಕು.

ಚಾಕೊಲೇಟ್ ಅದ್ದು

200 ಮಿಲಿ ಹಾಲಿನಲ್ಲಿ ಸ್ವಲ್ಪ ತೆಗೆದು ಅದಕ್ಕೆ 1 ಚಮಚ ಕಾರ್ನ್‌ಫ್ಲೋರ್ ಕದಡಿಡಿ. ಉಳಿದ ಹಾಲು ಕಾಯಿಸಿ, ಕದಡಿದ್ದನ್ನು ಸೇರಿಸಿ, ಕುದಿ ಬಂದು ಮಂದವಾದಾಗ ಇಳಿಸಿ. ಚೂರು ಮಾಡಿದ 100 ಗ್ರಾಂ ಡಾರ್ಕ್ ಚಾಕೊಲೇಟ್ ಹಾಕಿ ತಿರುವಿದರೆ ತಾನೇ ಕರಗುತ್ತದೆ. ಸಿಹಿಗೆ ಬೆಲ್ಲ ಹಾಕುವುದಾದರೆ ಉರಿಯಿಂದ ಇಳಿಸಿ ಕೊಂಚ ಆರಿದ ಮೇಲೆ ಹಾಕಿ, ಇಲ್ಲದಿದ್ದರೆ ಕುದಿಯುವ ಹಾಲು ಒಡೆಯಬಹುದು. ಪಾಯಸ ಮಾಡುವವರಿಗೆ ಈ ಎಚ್ಚರಿಕೆ ಗೊತ್ತಿರುವುದೇ.

ಬರಿಯ ಚಾಕೊಲೇಟ್ ಕರಗಿಸುವಾಗ ನಾಲ್ಕು ಹನಿ ನೀರು ಬಿದ್ದರೂ ಅದು ಗಂಟುಗಟ್ಟುತ್ತದೆ. ಹಾಲು ಧಾರಾಳವಾಗಿದ್ದರೆ ಆ ತೊಂದರೆ ಇಲ್ಲ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೇ ಕರಗುವುದರಿಂದ ಬೇಸಿಗೆಯಲ್ಲಿ ಚಾಕೊಲೇಟನ್ನು ತಂಪಿನಲ್ಲಿಡಬೇಕು. ಕಾಂಪೌಂಡ್ ಎಂದು ಮಾರುವ ಗಟ್ಟಿಗಳಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬಿರುತ್ತದೆ, ರುಚಿ ಕಡಿಮೆ. ಕರ್ನಾಟಕದಲ್ಲೇ ಚಾಕೊಲೇಟ್ ತಯಾರಾಗುತ್ತದೆ: 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಕರಾವಳಿಯ ತೋಟಗಳ ಕೋಕೋ ಅಲ್ಲಿಗೆ ಹೋಗುತ್ತದೆ.

ಮೊಟ್ಟೆ ಇಲ್ಲ, ಹುದುಗಿಲ್ಲ

ಭೋಜ, ದಿಗಂಬರ ಜೈನ ಆಚಾರ್ಯ ಶಾಂತಿಸಾಗರರ (1872–1955) ಊರು. ಜೈನ ಮನೆಗಳು ಹೆಚ್ಚಿರುವ ಈ ಸೀಮೆಯಲ್ಲಿ ಪೇಟೆಯ ಪೇಸ್ಟ್ರಿಗಳ ಬಗ್ಗೆ ಮೊದಲ ಪ್ರಶ್ನೆ ಮೊಟ್ಟೆಯದು. ಸ್ಪೇನಿನ ಮೂಲ ಚುರ್ರೋದಲ್ಲಿ ಹಿಟ್ಟು, ನೀರು, ಉಪ್ಪು ಇಷ್ಟೇ. ಮೊಟ್ಟೆಯೂ ಇಲ್ಲ, ಯೀಸ್ಟೂ ಇಲ್ಲ. ಕೆಲವು ಹೋಟೆಲುಗಳ ಪಾಕದಲ್ಲಿ ಮೊಟ್ಟೆ ಇರುವುದುಂಟು, ಹೊರಗೆ ತಿನ್ನುವಾಗ ಕೇಳಿ ನೋಡಬೇಕು. ಚಾಕೊಲೇಟ್ ಕೊಳ್ಳುವಾಗ ಹಸಿರು ಗುರುತಿನ ಜೊತೆಗೆ ಪದಾರ್ಥಗಳ ಪಟ್ಟಿಯನ್ನೂ ಓದುವುದು ಒಳ್ಳೆಯದು, ಜೈನರು ವರ್ಜಿಸುವ ಜೇನು ಬಳಸಿರಬಹುದು. ಸೂರ್ಯಾಸ್ತದೊಳಗೆ ಉಣ್ಣುವ ಮನೆಗಳಿಗೆ ಇದು ಸಂಜೆ ನಾಲ್ಕರ ಚಹಾದ ಹೊತ್ತಿನ ತಿನಿಸು.

ಡಬ್ಬಿಗಲ್ಲ

ಶಂಕರಪಾಳಿ ಒಣಗರಿ, ವಾರಗಟ್ಟಲೆ ಇರುತ್ತದೆ. ಚುರ್ರೋದ ಒಳಗಿನ ತೇವ ಹೊರಗೆ ಬಂದು ಅರ್ಧ ಗಂಟೆಯಲ್ಲೇ ಗರಿ ಇಳಿಯುತ್ತದೆ. ಆದ್ದರಿಂದ ಇದು ದೀಪಾವಳಿಯ ಫರಾಳದ ಡಬ್ಬಿಗೆ ಸೇರುವ ತಿನಿಸಲ್ಲ. ಒತ್ತಿದ ಹಸಿ ತುಂಡುಗಳನ್ನು ಫ್ರೀಜರಿನಲ್ಲಿಟ್ಟು ಬೇಕಾದಾಗ ಕರಿಯಬಹುದು. ಮೇಲಿನ ಮಂಜು ಒರೆಸದೆ ಎಣ್ಣೆಗೆ ಹಾಕಬಾರದು. ಜನ ಬಂದು ಕೂತ ಮೇಲೆ ಬಾಣಲೆ ಇಡುವುದೇ ಸರಿ.