ಥ್ಯಾಲೇಟ್

ನುಸಿಗುಳಿಗೆಯ ನ್ಯಾಫ್ತಲೀನಿನಿಂದ ಹುಟ್ಟಿದ ಹೆಸರಿದು. 1836ರಲ್ಲಿ ಫ್ರಾನ್ಸಿನ ಓಗ್ಯುಸ್ಟ್ ಲೊರಾಂ ಅದರಿಂದ ಒಂದು ಆಮ್ಲವನ್ನು ಪಡೆದು ‘ನ್ಯಾಫ್ತಲಿಕ್’ ಎಂದ. ಅದು ನ್ಯಾಫ್ತಲೀನಿನದೇ ರೂಪವೆಂಬ ಅವನ ಊಹೆ ತಪ್ಪೆಂದು ಸ್ವಿಸ್ ರಸಾಯನವಿಜ್ಞಾನಿ ಮಾರಿನ್ಯಾಕ್ ತೋರಿಸಿದ ಮೇಲೆ ಲೊರಾಂನೇ ಹೆಸರಿನ ತಲೆ ಕತ್ತರಿಸಿ ‘ಥ್ಯಾಲಿಕ್’ ಮಾಡಿದ. ಆ ಆಮ್ಲದ ಎಸ್ಟರುಗಳೇ ಥ್ಯಾಲೇಟುಗಳು.

ಗಡಸು ಪಿವಿಸಿಯನ್ನು ಬಾಗುವಂತೆ ಮಾಡುವುದು ಇವುಗಳ ಕೆಲಸ: ವೈರಿನ ಹೊದಿಕೆ, ರೆಕ್ಸಿನ್, ಮೆತ್ತನೆಯ ಪೈಪು. ಆದರೆ ಪ್ಲಾಸ್ಟಿಕ್ಕಿನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುವುದಿಲ್ಲ; ಹಾಗಾಗಿ ನಿಧಾನವಾಗಿ ಸೋರುತ್ತವೆ. ಡಿಇಎಚ್‌ಪಿ ಎಂಬ ಥ್ಯಾಲೇಟಿನಂಥವು ನೀರಿನಲ್ಲಿ ಅಷ್ಟಾಗಿ ಕರಗದೆ ಕೆಸರಿಗೆ ಅಂಟುತ್ತವೆ. ಕೈರೊನೊಮಸ್ ಕೀಟದ ಕೆಂಪು ಮರಿಹುಳು ಬೆಳೆಯುವುದು ಆ ಕೆಸರಲ್ಲೇ. ಪೊರೆ ಕಳಚಲು ಅದಕ್ಕೆ ಎಕ್ಡೈಸೋನ್ ಹಾರ್ಮೋನು ಬೇಕು. ಆ ಹಾರ್ಮೋನಿನ ಗ್ರಾಹಕದ ಜೀನನ್ನು ಕೆಲವು ಥ್ಯಾಲೇಟುಗಳು ಏರುಪೇರು ಮಾಡುವುದು ಪ್ರಯೋಗಾಲಯದಲ್ಲಿ ಕಂಡಿದೆ. ಮೀನಿನ ಆಹಾರವೇ ಈ ಹುಳು ಎಂಬುದನ್ನು ಮರೆಯುವಂತಿಲ್ಲ.

ಅತ್ತಿಬೆಲೆಯಂಥ ಕೈಗಾರಿಕಾ ಊರಿನಲ್ಲಿ ಈ ಪದ ಬಳಕೆಗೆ ಬರಲೇಬೇಕು. ಈ ಸೀಮೆ ದಕ್ಷಿಣ ಪಿನಾಕಿನಿಯ ಜಲಾನಯನ. ಇಲ್ಲಿಯ ಕೊಳೆ ತಮಿಳುನಾಡಿನ ಗಡಿ ದಾಟಿ ಹೊಸೂರಿನ ಕಡೆಯವರನ್ನೂ ಮುಟ್ಟುತ್ತದೆ. ನಮ್ಮಲ್ಲಿ ನೀರಿಗೆ ‘ಎ’ಯಿಂದ ‘ಇ’ವರೆಗೆ ದರ್ಜೆ ಕೊಡುವಾಗ ಆಮ್ಲಜನಕ, ಸಾವಯವ ಕೊಳೆಯ ಪ್ರಮಾಣ ತೋರುವ ಬಿಒಡಿ, ಕೋಲಿಫಾರ್ಮ್ ಬ್ಯಾಕ್ಟೀರಿಯಾ ಮುಂತಾದವನ್ನು ನೋಡುತ್ತಾರೆ. ಥ್ಯಾಲೇಟಿಗೆ ಅಲ್ಲಿ ಜಾಗವಿಲ್ಲ. ಕೆರೆಯ ಕೆಸರನ್ನೂ ಪರೀಕ್ಷಿಸಿ ಎಂದು ಕೇಳುವವರು ಅರ್ಜಿಯಲ್ಲಿ ಈ ಹೆಸರನ್ನೇ ಬರೆಯಲಿ.