ಮೂಗಿನ ದಾರಿ, ತಲೆಯ ಗಡ್ಡೆ

ಕಡೂರು ತಾಲ್ಲೂಕಿನ ಹಿರೇನಲ್ಲೂರಿನಲ್ಲಿ ಯಾರಿಗಾದರೂ ‘ತಲೇಲಿ ಗಡ್ಡೆ ಇದೆ’ ಎಂದರೆ ಮನೆಯವರ ಮೊದಲ ಪ್ರಶ್ನೆ: ‘ತಲೆ ಓಪನ್ ಮಾಡ್ತಾರಾ?’ ಎರಡನೆಯದು: ‘ನಿಮ್ಹಾನ್ಸ್‌ಗೆ ಹೋಗ್ಬೇಕಾ?’ ಬೀರೂರು ಜಂಕ್ಷನ್‌ನಲ್ಲಿ ರೈಲು ಹತ್ತಿ ಬೆಂಗಳೂರು ಸೇರಿದ ಮೇಲೆ ಕೆಲವರಿಗೆ ಸಮಾಧಾನದ ಉತ್ತರ ಸಿಗುತ್ತದೆ: ‘ಬೇಡ, ಮೂಗಿನಿಂದಲೇ ತೆಗೀತೀವಿ.’

ಆ ಉತ್ತರದ ಹಿಂದೆ ಹೆಚ್ಚುಕಡಿಮೆ ಒಂದು ಶತಮಾನದ ಹೆಣಗಾಟವಿದೆ.

ಹೀಗೆ ಮೂಗಿನಿಂದ ತೆಗೆಯುವುದು ಹೆಚ್ಚಾಗಿ ಪಿಟ್ಯುಟರಿ ಗ್ರಂಥಿಯ ಗಡ್ಡೆ. ಆ ಗ್ರಂಥಿ ಬಟಾಣಿ ಕಾಳಿನಷ್ಟು. ಮೂಗಿನ ಹಿಂದೆ, ಮಿದುಳಿನ ಬುಡದಲ್ಲಿ ಕುಳಿತಿದೆ. 1907ರಲ್ಲಿ ಆಸ್ಟ್ರಿಯಾದ ಹರ್ಮನ್ ಷ್ಲೋಫರ್ ಮೂಗನ್ನೇ ಪಕ್ಕಕ್ಕೆ ಮಗುಚಿ ಅಲ್ಲಿನ ಗಡ್ಡೆ ತೆಗೆದರು. 1910ರಲ್ಲಿ ವಿಯೆನ್ನಾದ ಆಸ್ಕರ್ ಹಿರ್ಶ್ ಹೊಳ್ಳೆಯೊಳಗಿಂದಲೇ ಹೋದರು. ಅಮೆರಿಕದ ಹಾರ್ವೆ ಕುಶಿಂಗ್ ಮೇಲ್ದುಟಿಯಡಿ ಕೊಯ್ದು ಇನ್ನೂರಕ್ಕೂ ಹೆಚ್ಚು ರೋಗಿಗಳಿಗೆ ಹೀಗೆ ಶಸ್ತ್ರಚಿಕಿತ್ಸೆ ಮಾಡಿ, ಕಡೆಗೆ ಆ ದಾರಿಯನ್ನೇ ಬಿಟ್ಟರು. ಅಷ್ಟು ಆಳದಲ್ಲಿ ಬೆಳಕು ಸಾಲದು. ಬುರುಡೆ ತೆರೆದರೆ ಹೆಚ್ಚು ಕಾಣುತ್ತಿತ್ತು. ಅವರ ಬಳಿ ಕಲಿತಿದ್ದ ಎಡಿನ್‌ಬರೋದ ನಾರ್ಮನ್ ಡಾಟ್ ಮಾತ್ರ ಹಟ ಬಿಡಲಿಲ್ಲ. ವಿದ್ಯೆ ಡಾಟ್ ಅವರಿಂದ ಪ್ಯಾರಿಸ್‌ನ ಜೆರಾರ್ ಗಿಯೊಗೆ, ಅವರಿಂದ ಮಾಂಟ್ರಿಯಲ್‌ನ ಜೂಲ್ಸ್ ಹಾರ್ಡಿಗೆ ದಾಟಿತು. 1960ರ ದಶಕದಲ್ಲಿ ಹಾರ್ಡಿ ಮೈಕ್ರೋಸ್ಕೋಪ್ ಹಿಡಿದರು. ಕಾಣದ ಮೂಲೆ ಕಂಡಿತು.

ಅದೇ ಕಾಲಕ್ಕೆ ಬೆಂಗಳೂರಿನಲ್ಲೂ ಬುರುಡೆ ತೆರೆಯದ ದಾರಿಯ ಹುಡುಕಾಟ ನಡೆದಿತ್ತು. ಹಳೆಯ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1958ರಲ್ಲಿ ನರಶಸ್ತ್ರಚಿಕಿತ್ಸಾ ವಿಭಾಗ ಬಂತು. ಅದನ್ನು ಕಟ್ಟಿದ ಡಾ. ಆರ್. ಮಾರ್ತಾಂಡ ವರ್ಮ, ಬುರುಡೆಯ ತಳದಲ್ಲಿ ಹುಟ್ಟಿನಿಂದಲೇ ಇರುವ ‘ಫೊರಾಮೆನ್ ಓವಲೆ’ ಎಂಬ ರಂಧ್ರದಿಂದ ಸೂಜಿ ತೂರಿಸಿ ಪಾರ್ಕಿನ್ಸನ್ ರೋಗಿಗಳಿಗೆ ಚಿಕಿತ್ಸೆ ಕೊಟ್ಟರು. ಅದು ಗಡ್ಡೆಯ ಚಿಕಿತ್ಸೆಯಲ್ಲ, ಆದರೂ ದೇಹವೇ ಬಿಟ್ಟುಕೊಟ್ಟ ಬಾಗಿಲನ್ನು ಬಳಸುವ ಬುದ್ಧಿ ಒಂದೇ. ಹಳೆಯ ಆಸ್ಪತ್ರೆಯೂ ಈ ಸಂಸ್ಥೆಯೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆದಾಗ ವರ್ಮ ಮೊದಲ ನಿರ್ದೇಶಕರಾದರು.

1971ರಲ್ಲಿ ಲಂಡನ್‌ನಲ್ಲಿ ಮೊದಲ ರೋಗಿಯ ತಲೆಯ ಸಿ.ಟಿ. ಸ್ಕ್ಯಾನ್ ನಡೆಯಿತು, ಕೊಯ್ಯುವ ಮೊದಲೇ ಗಡ್ಡೆಯ ಜಾಗ ತಿಳಿಯತೊಡಗಿತು. 1990ರ ದಶಕದಲ್ಲಿ ಈ ಶಸ್ತ್ರಚಿಕಿತ್ಸೆಯಲ್ಲಿ ಎಂಡೋಸ್ಕೋಪ್ ಬಳಕೆ ಹಬ್ಬಿತು. ಸುಮಾರು 4 ಮಿ.ಮೀ. ದಪ್ಪದ ಕೊಳವೆ ಹೊಳ್ಳೆಯಲ್ಲಿ ಸಾಗುತ್ತದೆ, ಹಿಂದಿನ ತೆಳು ಮೂಳೆಯನ್ನು ಕೊರೆದು ಗಡ್ಡೆಯನ್ನು ಚೂರುಚೂರಾಗಿ ತೆಗೆಯುತ್ತಾರೆ. ಬೇಕಾದರೆ ಹೊಟ್ಟೆಯಿಂದಲೋ ತೊಡೆಯಿಂದಲೋ ತುಸು ಕೊಬ್ಬು ತಂದು ತೂತು ಮುಚ್ಚುತ್ತಾರೆ. ಮಿದುಳಿನೊಳಗೇ ಬೇರುಬಿಟ್ಟ ಗಡ್ಡೆಗಳಿಗೆ ಮೂಗಿನ ದಾರಿ ಒದಗದು. ಅಲ್ಲಿ ಇಂದಿಗೂ ಬುರುಡೆ ತೆರೆಯಬೇಕು.

ಮೂಗಿನಿಂದ ಗಡ್ಡೆ ತೆಗೆಸಿಕೊಂಡು ಊರಿಗೆ ಹೊರಟವರ ತಲೆಯ ಮೇಲೆ ಹೊಲಿಗೆ ಕಾಣದು. ಕಿವಿಯಲ್ಲಿ ಮಾತ್ರ ವೈದ್ಯರ ಮಾತಿರುತ್ತದೆ: ಮೂಗು ಸೀಟಬೇಡಿ, ಮೂಟೆ ಎತ್ತಬೇಡಿ, ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ ತಡಮಾಡದೆ ಬನ್ನಿ.